ಶಟ್ಟೆಪ್ಪನ ಯುಗಾಂಡಾ, ಬಸಯ್ಯನ ಎರಡು ಟ್ರ್ಯಾಕ್ಟರು

ನಿವೃತ್ತನಾದ ಗಂಡಸಿಗೆ ಸ್ವಂತ ಮನೆಯಲ್ಲಿ ಕೂರಲು ಜಾಗವಿರುವುದಿಲ್ಲ ಎಂಬ ಸತ್ಯ ಬೈಲಹೊಂಗಲದ ಶಟ್ಟೆಪ್ಪನಿಗೆ ತಿಳಿದದ್ದು ನಿವೃತ್ತಿಯ ಮರುದಿನ ಬೆಳಿಗ್ಗೆ. ಪಡಸಾಲೆಯಲ್ಲಿ ಕೂತರೆ ಹೆಂಡತಿ ಸಾವಿತ್ರೆವ್ವ ಕಸಬರಿಗೆ ಹಿಡಿದು ಬಂದು "ಸರೀರಿ" ಅನ್ನುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಬಿಸಿ ಪಾತ್ರೆ ಹಿಡಿದು "ಸರೀರಿ". ಹಿತ್ತಲಿಗೆ ಹೋದರೆ ಒಗೆದ ಸೀರೆ ಹಿಂಡುತ್ತ "ಸರೀರಿ". ಕಡೆಗೆ ಬೀದಿಯ ಕಟ್ಟೆಗೆ ಬಂದು ಕೂತರೆ ಅಲ್ಲಿಗೆ ಹಪ್ಪಳಗಳು ಒಣಗಲು ಬರುತ್ತಿದ್ದವು. ಹಪ್ಪಳ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ ನಿಜ, ಆದರೆ ಅದರ ಅಭಿಪ್ರಾಯವೂ ಅದೇ ಆಗಿತ್ತು.

ಇಂಥ ಅವಮಾನ ಯಾರಿಗೆ? ಮೂವತ್ತು ವರ್ಷ ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ಊರೂರು ಸುತ್ತಿ, ಸತ್ತ ಬೋರಿಂಗುಗಳಿಗೆ ಜೀವ ಕೊಟ್ಟ ಮಹಾಶಯನಿಗೆ! ಕೈಪಂಪು ಕೆಟ್ಟ ಊರಿಗೆ ಶಟ್ಟೆಪ್ಪ ಪಾನಾ, ಇಕ್ಕಳಗಳ ಚೀಲ ಹೆಗಲಿಗೇರಿಸಿ ಬಸ್ಸಿಳಿದರೆ ಹೆಣ್ಣುಮಕ್ಕಳು ಕೊಡ ಹಿಡಿದು ಸಾಲಾಗಿ ಕಾದಿರುತ್ತಿದ್ದರು. "ಮಿಸ್ತ್ರಿ ಬಂದ್ರು, ಮಿಸ್ತ್ರಿ ಬಂದ್ರು" ಎಂಬ ಸುದ್ದಿ ಅವನಿಗಿಂತ ಮುಂದೆ ಓಡುತ್ತಿತ್ತು. ಸುರೇಬಾನದಲ್ಲಂತೂ ಒಬ್ಬ ಮುದುಕಿ ನೀರು ಬಂದ ಖುಷಿಗೆ ಅವನ ಮುಖ ಸವರಿ ನೆಟಿಗೆ ಮುರಿದಿದ್ದಳು. ಈಗ ಜಗತ್ತಿನ ಯಾವ ಮೂಲೆಯಲ್ಲೂ ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಅದೊಂದು ನೋವು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಹೇಳಿಕೊಳ್ಳೋಣವೆಂದರೆ ಹೇಳುವಷ್ಟರಲ್ಲಿ "ಸರೀರಿ" ಬರುತ್ತಿತ್ತು.

ಹೀಗಿರುವಾಗ ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದ ಮಗಳು ಉಮಾಶ್ರೀ ಒಂದು ಶನಿವಾರ ಸುದ್ದಿ ತಂದಳು. ಅಲ್ಲಿಯ ಒಂದು ಸೇವಾಸಂಸ್ಥೆಗೆ ಯುಗಾಂಡಾ ದೇಶದಲ್ಲಿ ಎರಡು ವರ್ಷ ಇದ್ದು, ಹಳ್ಳಿಯ ಹೆಂಗಸರಿಗೆ ಕೈಪಂಪು ದುರಸ್ತಿ ಕಲಿಸುವ ಸ್ವಯಂಸೇವಕರು ಬೇಕಂತೆ. ಪಗಾರವಿಲ್ಲ, ಇರಲು ಗುಡಿಸಲು, ಊಟಕ್ಕೆ ದಿನಸಿ, ಹೋಗಿಬರುವ ಖರ್ಚು ಅವರದೇ.

ಶಟ್ಟೆಪ್ಪ ಎದ್ದು ಕೂತ. "ಅಲ್ಲೆ ಬೋರಿಂಗ್ ಕೆಡತಾವೇನ?"

"ಕೆಡತಾವ ಅಪ್ಪಾ. ನಮ್ಮ ದೇಶದ್ದ ಪಂಪ್ ಅವು."

"ಹಂಗಾರ ವಾಸರ್ ಲಗೂನ ಹರೀತಿರಬೇಕು. ಪೈಪು ಎಷ್ಟು ಆಳಕ್ಕ ಇಳಸ್ತಾರಂತ?"

ಉಮಾಶ್ರೀಗೆ ಅದು ಗೊತ್ತಿರಲಿಲ್ಲ. ಶಾಲೆಯ ಹಳೆಯ ಅಟ್ಲಾಸು ಇಳಿಸಿ ಯುಗಾಂಡಾ ತೋರಿಸಿದಳು. ಮೂವರೂ ಬಾಗಿ ನೋಡಿದರು. ದೇಶದ ಕೆಳಗೇ ಒಂದು ಮಹಾಸರೋವರ ನೀಲಿಯಾಗಿ ಹರಡಿತ್ತು.

"ಇಷ್ಟು ದೊಡ್ಡ ಕೆರಿ ಮನಿ ಮುಂದ ಇಟಗೊಂಡು ಇವರಿಗೆ ಬೋರಿಂಗ್ ಯಾಕ ಬೇಕ?" ಎಂದಳು ಸಾವಿತ್ರೆವ್ವ. "ಜ್ವಾಳ ಬೆಳೀತಾರೇನು? ದನಾ ಅದಾವೇನು? ಸ್ವಾಮಗೋಳು ಇದ್ದಾರೋ ಇಲ್ಲೋ?" (ಸಾವಿತ್ರೆವ್ವನಿಗೆ ಕುತೂಹಲ ಬಂದರೆ ಪ್ರಶ್ನೆಗಳು ಒಂದರ ಬಾಲ ಒಂದು ಹಿಡಿದು ಬರುತ್ತವೆ. ಉತ್ತರ ಬಂದರೂ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ.)

"ನಾ ಹೋಗ್ಬೇಕಂತ ಮಾಡೇನಿ" ಎಂದ ಶಟ್ಟೆಪ್ಪ ಗಂಭೀರವಾಗಿ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಎರಡು ವರ್ಷ ಹೆಂಗ ಬಿಟ್ಟಿರಲಿ ಅನ್ನುತ್ತಾಳೆ, ತಾನು ಸಮಾಧಾನ ಮಾಡುತ್ತೇನೆ ಎಂದೆಲ್ಲ ಅವನು ಎಣಿಸಿದ್ದ. ಸಮಾಧಾನದ ಮಾತುಗಳೂ ತಯಾರಾಗಿದ್ದವು.

"ಹೋಗ್ರಿ" ಎಂದಳು ಸಾವಿತ್ರೆವ್ವ. "ಸ್ವಲ್ಪ ಸರೀರಿ, ದೀಪಾ ಹಚ್ಚಬೇಕು."

ಪಾಸ್‌ಪೋರ್ಟು ಬೆಂಗಳೂರಿನಿಂದ ಬಂತು. ಆದರೆ ಪಾಸ್‌ಪೋರ್ಟಿದ್ದರೆ ಸಾಲದು, ವೀಸಾ ಬೇಕು ಎಂದು ಉಮಾಶ್ರೀ ಹೇಳಿದಾಗ ಸಾವಿತ್ರೆವ್ವನಿಗೆ ಮತ್ತೆ ಕುತೂಹಲ ಕೆರಳಿತು.

"ಎರಡೂ ಒಂದ ಅಲ್ಲೇನ?"

"ಅಲ್ಲವ್ವಾ. ಪಾಸ್‌ಪೋರ್ಟ್ ಅಂದ್ರ ನಮ್ಮ ಸರಕಾರದವರು ಹೋಗು ಅನ್ನೋದು. ವೀಸಾ ಅಂದ್ರ ಅವರ ಸರಕಾರದವರು ಬಾ ಅನ್ನೋದು."

"ಹಂಗನ್ನು. ಕೊಡೋ ಮನಿಯವರು ಒಪ್ಪಿದ್ರ ಆಗಲಿಲ್ಲ, ತಗೊಳ್ಳೋ ಮನಿಯವರೂ ಒಪ್ಪಬೇಕು."

ಸರಿಯಾಗಿಯೇ ಹೇಳಿದ್ದಳು. ಅಲ್ಲಿಯ ಸಂಸ್ಥೆ ಕರೆಪತ್ರ ಕೊಡಬೇಕು. ಅದನ್ನೂ ಪಾಸ್‌ಪೋರ್ಟನ್ನೂ ದಿಲ್ಲಿಗೆ ಕಳಿಸಿದರೆ ಎರಡು ವರ್ಷದ ವೀಸಾ. ಆದರೆ ಕರೆಪತ್ರ ಸುಮ್ಮನೆ ಬರುವುದಿಲ್ಲ. ಧಾರವಾಡದ ಸಂಸ್ಥೆಯಿಂದ ಒಬ್ಬರು ಬಂದು ಓಣಿಯಲ್ಲಿ ವಿಚಾರಿಸುತ್ತಾರೆ, ಮನುಷ್ಯ ಎಂಥವನು, ಅಲ್ಲಿ ಬಾಳುತ್ತಾನೋ ಇಲ್ಲವೋ ಎಂದು. ಅವರು ಒಪ್ಪಿದರೆ ಪತ್ರ, ಪತ್ರವಿದ್ದರೆ ವೀಸಾ.

"ವೀಸಾ ಕೈಗೆ ಬರೋತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ದೃಷ್ಟಿ ಆಗ್ತದ" ಎಂದು ಸಾವಿತ್ರೆವ್ವ ಕಟ್ಟಪ್ಪಣೆ ಮಾಡಿದಳು. ಶಟ್ಟೆಪ್ಪನಿಗೂ ಅದು ಸರಿ ಎನಿಸಿತು. ಅನಾಹುತವೆಲ್ಲ ಆದದ್ದು ಇಲ್ಲಿಯೇ.

ಯಾಕೆಂದರೆ ಬಾಯಿ ಬಿಡದೆಯೂ ಒಂದು ಮಾತು ಹೇಳಲೇಬೇಕಿತ್ತು. ಓಣಿಯ ತುದಿಯಲ್ಲಿ ಬಸಯ್ಯನ ಚಹದಂಗಡಿ. ಯಾರೇ ಹೊಸಬರು ಬಂದರೂ ಮೊದಲು ಕೂರುವುದು ಅದರ ಬೆಂಚಿನ ಮೇಲೆ. ಶಟ್ಟೆಪ್ಪ ಹೋಗಿ ದನಿ ತಗ್ಗಿಸಿ ಹೇಳಿದ. "ಅಜ್ಜಾರ, ಈ ವಾರದಾಗ ಒಬ್ಬರು ಬಂದು ನಮ್ಮ ಮನಿ ಬಗ್ಗೆ ಕೇಳಬಹುದು. ನಾಕು ಚಲೋ ಮಾತು ಹೇಳ್ರಿ. ಯಾಕ ಏನು ಅಂತ ಈಗ ಕೇಳಬ್ಯಾಡ್ರಿ."

ಬಸಯ್ಯ ಸೋಸುತ್ತಿದ್ದ ಚಹವನ್ನು ಕೆಳಗಿಟ್ಟ. ಅವನ ಮುಖದಲ್ಲಿ ಬೆಳಕು ಮೂಡಿತು. "ನಾ ಯಾಕ ಕೇಳ್ಲಿ ಮಿಸ್ತ್ರಿ? ಎಲ್ಲಾ ತಿಳೀತು. ಇಂಥಾದ್ದು ನನಗ ಹೇಳಿಕೊಡಬೇಕೇನು?"

ಪಕ್ಕದ ಮನೆಯ ಶರೀಫಾಬಿಗೂ ಗೋಡೆಯ ಮೇಲಿಂದ ಅದೇ ಮಾತು ಹೇಳಿದ. ಶರೀಫಾಬಿಯ ಗಂಡ ಮಹಮ್ಮದಗೌಸ ಜೀಪು ಓಡಿಸುತ್ತಾನೆ. ಎರಡೂ ಮನೆಗಳ ನಡುವೆ ಇಪ್ಪತ್ತು ವರ್ಷದಿಂದ ಆ ಮೋಟುಗೋಡೆಯ ಮೇಲೆ ಸಾರು, ಉಪ್ಪಿನಕಾಯಿ, ಸುದ್ದಿ ಎಲ್ಲವೂ ದಾಟುತ್ತ ಬಂದಿವೆ. "ಅಣ್ಣಾರ, ನಮ್ಮ ಬಾಯಾಗ ಕೆಟ್ಟ ಮಾತು ಬಂದೀತೇನ್ರಿ? ಆ ಹುಡುಗಿ ನನ್ನ ಕೈಯಾಗ ಬೆಳದೈತಿ" ಎಂದಳು ಅವಳು, ಕಣ್ಣಲ್ಲಿ ನೀರು ತಂದುಕೊಂಡು.

ಹುಡುಗಿ ಯಾಕೆ ಬಂದಳು ಎಂದು ಶಟ್ಟೆಪ್ಪನಿಗೆ ಹೊಳೆಯಲಿಲ್ಲ. ಆಗ ಹೊಳೆದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಅವನು ಯುಗಾಂಡಾದಲ್ಲಿರುತ್ತಿದ್ದ.

ನಮ್ಮ ಕಡೆ ಹೊಸ ಮುಖದವರೊಬ್ಬರು ಚಹದಂಗಡಿಯಲ್ಲಿ ಕೂತು "ಇಂಥವರ ಮನಿ ಹೆಂಗ್ರಿ?" ಎಂದು ಕೇಳಿದರೆ ಅದಕ್ಕೆ ಒಂದೇ ಅರ್ಥ: ಬೀಗತನದ ವಿಚಾರಣೆ. ಮನೆಯಲ್ಲಿ ವಯಸ್ಸಿಗೆ ಬಂದ ಮಗಳಿದ್ದಾಳೆ ಅಂದಮೇಲೆ ಅನುಮಾನವೇ ಬೇಡ. ಅಂಥ ಹೊತ್ತಿನಲ್ಲಿ ಓಣಿಯವರು ತಮ್ಮ ಜಗಳಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆಸೆಯುತ್ತಾರೆ. ನಲ್ಲಿ ನೀರಿಗೆ ಕೂದಲು ಹಿಡಿದು ಕಾದಾಡಿದವರೂ "ಅಂಥ ಮನಿ ಇನ್ನೊಂದಿಲ್ರಿ" ಅನ್ನುತ್ತಾರೆ. ಇದು ಯಾರೂ ಬರೆದಿಡದ, ಯಾರೂ ಮುರಿಯದ ಕಾನೂನು.

ಮಂಗಳವಾರ ಧಾರವಾಡದ ಬಸ್ಸಿನಿಂದ ಮಧು ಎಂಬ ತರುಣ ಇಳಿದ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ, ಕನ್ನಡಕ. ಬಸಯ್ಯನ ಬೆಂಚಿನ ಮೇಲೆ ಕೂತು ಚಹ ಹೇಳಿದ. ಮುಂದೆ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ಆಮೇಲೆ ಶರೀಫಾಬಿಯ ಮನೆಯಲ್ಲಿ ಇನ್ನೊಂದು ಚಹ ಕುಡಿದ. ಇಸ್ತ್ರಿ ಅಂಗಿ ತೊಟ್ಟು ಪಡಸಾಲೆಯಲ್ಲಿ ಕಾಯುತ್ತಿದ್ದ ಶಟ್ಟೆಪ್ಪನ ಮುಂದೆ ಬಂದು ಕೂತಾಗ ಮಧುವಿನ ಮುಖದಲ್ಲಿ ಗೊಂದಲ ತುಂಬಿತ್ತು. ಅವನು ಮನೆಯ ಎರಡು ಕೋಣೆಗಳನ್ನೂ ತಗಡಿನ ಮಾಡನ್ನೂ ಒಮ್ಮೆ ನೋಡಿದ.

"ನಿಮ್ಮ ಟ್ರ್ಯಾಕ್ಟರ್ ಎಲ್ಲಿ ನಿಲ್ಲಸ್ತೀರಿ?"

"ಯಾವ ಟ್ರ್ಯಾಕ್ಟರ್‌ರಿ?"

"ಎರಡು ಅದಾವಂತ ಹೇಳಿದ್ರಲ್ಲ. ಇರ್ಲಿ ಬಿಡ್ರಿ." ಮಧು ಕನ್ನಡಕ ಒರೆಸಿಕೊಂಡು ಸಾವಿತ್ರೆವ್ವನ ಕಡೆ ತಿರುಗಿದ. "ಅವ್ವಾರ, ಎರಡು ವರ್ಷ ಇವರಿಲ್ಲದ ನಿಮಗ ನಡೀತದೇನ್ರಿ?"

"ನಾಕು ವರ್ಷ ಕರಕೊಂಡು ಹೋಗ್ರಿ" ಎಂದಳು ಸಾವಿತ್ರೆವ್ವ ಧಾರಾಳವಾಗಿ. "ಇದ್ರೂ ಅಷ್ಟ, ಹೋದ್ರೂ ಅಷ್ಟ."

ಮಧು ನಕ್ಕ. ಬಳಿಕ ಶಟ್ಟೆಪ್ಪನಿಗೆ ಒಂದು ಸಣ್ಣ ಕೆಲಸ ಹೇಳಿದ. "ಒಂದು ಕಪ್ ಚಾ ನೀವ ಮಾಡಿಕೊಡ್ರಿ. ಅವ್ವಾರು ಕೂತಿರ್ಲಿ."

ಅಷ್ಟೇ ತಾನೇ ಎಂದು ಶಟ್ಟೆಪ್ಪ ಒಳಗೆ ಹೋದ. ಒಳಗಿನಿಂದ ಡಬ್ಬಿಗಳು ಬೀಳುವ ಸದ್ದು ಬಂತು. ನೂರಡಿ ಆಳದ ಪೈಪಿನಲ್ಲಿ ಎಲ್ಲಿ ತೂತಾಗಿದೆ ಎಂದು ಕಿವಿಯಿಂದಲೇ ಹೇಳಬಲ್ಲ ಮನುಷ್ಯನಿಗೆ ಮನೆಯ ಸಕ್ಕರೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಕಡೆಗೆ ಬಂದ ಚಹ ಬಾಯಿಗಿಟ್ಟ ಮಧು, ಮರ್ಯಾದಸ್ಥ ಹುಡುಗ, ನುಂಗಿದ. ಅದರಲ್ಲಿ ಉಪ್ಪಿತ್ತು.

"ಮಿಸ್ತ್ರಿ, ನಿಮ್ಮ ಕೈಕೆಲಸದ ಬಗ್ಗೆ ನನಗ ಸಂಶಯ ಇಲ್ಲ" ಎಂದ ಮಧು ಮೆಲ್ಲಗೆ. "ಆದ್ರ ಅಲ್ಲೆ ನಿಮಗ ಅಡಗಿ ಮಾಡಾಕ, ಅರಬಿ ಒಗ್ಯಾಕ ಯಾರೂ ಇರಂಗಿಲ್ಲ. ಹೋದ ವರ್ಷ ಒಬ್ಬರಿಗೆ ವೀಸಾ ಮಾಡಿಸಿ ಕಳಿಸಿದ್ವಿ. ಉಣ್ಣಾಕ ಮಾಡ್ಕೊಳ್ಳಾಕ ಬರಲಿಲ್ಲಂತ ತಿಂಗಳೊಳಗ ವಾಪಸ್ ಬಂದ್ರು. ಅದಕ್ಕ ಈಗ ಅಲ್ಲಿಯವರು ಬಾಳ ಬಿಗಿ ಮಾಡ್ಯಾರ. ನಿಮ್ಮ ಓಣಿಯವರು ನೋಡಿದ್ರ…" ಮಾತನ್ನು ಅರ್ಧಕ್ಕೇ ಬಿಟ್ಟ. "ಎಲ್ಲಾ ಕಲೀರಿ. ಯುಗಾದಿ ಆದಮ್ಯಾಲ ಮತ್ತ ಬಂದು ನೋಡತೇನಿ. ಆಗ ಸರಿ ಅನ್ನಿಸಿದ್ರ ಪತ್ರಾ ಕೊಡಸ್ತೇನಿ."

ಓಣಿಯವರು ಏನೆಂದರು? ಶಟ್ಟೆಪ್ಪ ದಡದಡ ಬಸಯ್ಯನ ಅಂಗಡಿಗೆ ಹೋದ. ಬಸಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ಚಿಂತೀ ಬಿಡ್ರಿ ಮಿಸ್ತ್ರಿ, ಕೆಲಸ ಹೂವಿನಂಗ ಆಗೇತಿ. ಅಂವ ಕೇಳಿದಾ, ಮನಿ ಕೆಲಸ ಮಾಡ್ತಾರೇನ್ರಿ ಅಂತ. ನಾ ಅಂದೆ, ಛೇ ಛೇ, ನೀರಿನ ತಂಬಿಗಿ ಸೈತ ತಾವು ಎತ್ತಿದವರಲ್ಲ, ಆಳುಮಕ್ಕಳು ಅದಾರ ಅಂತ."

"ಅಯ್ಯೋ ಅಜ್ಜಾರ…"

"ಕೇಳ್ರಿಲ್ಲೆ. ಮಣ್ಣಿನ ಗುಡಸಲದಾಗ ಇರಬಲ್ಲರೇನು ಅಂದ. ನೋಡ್ರಿ ಎಷ್ಟು ಶಾಣ್ಯಾ, ಹೆಂಗ ತಿರವಿ ಆಸ್ತಿ ಕೇಳತಾನ! ನಾ ಅಂದೆ, ಅವರು ಗುಡಸಲದ ನೆಳ್ಳೂ ತುಳಿದವರಲ್ಲ, ಎರಡು ಟ್ರ್ಯಾಕ್ಟರ್ ಅದಾವ ಅಂತ. ಮನಿ ಬಿಟ್ಟು ದೂರ ಇರತಾರೇನು ಅಂದ. ಸವದತ್ತಿಗೆ ಹೋದ್ರ ಸೈತ ಸಂಜೀ ಬಸ್ಸಿಗೆ ವಾಪಸ್ ಬರೋ ಮನಿವಂತ ಮನಶ್ಯಾ ಅಂದೆ. ಬಾಯಿ ಮುಚ್ಚಿತು ನೋಡ್ರಿ ಅವಂದು! ಹುಡುಗನ ಅಣ್ಣ ಹೌದಲ್ಲೋ? ಹುಡುಗಗ ನೌಕರಿ ಎಲ್ಲೆ?"

ಶಟ್ಟೆಪ್ಪ ಬೆಂಚಿನ ಮೇಲೆ ಕುಸಿದ. ಬೇರೆ ದಾರಿಯಿಲ್ಲದೆ ಯುಗಾಂಡಾದ ಸಂಗತಿಯನ್ನೆಲ್ಲ ಹೇಳಿದ. ಕೇಳಿ ಮುಗಿಸಿದ ಬಸಯ್ಯನಿಗೆ ಬಹಳ ಬೇಜಾರಾಯಿತು.

"ಮೊದಲ ಹೇಳಬಾರದೇನ್ರಿ? ಸುಮ್ಮನ ಎರಡು ಟ್ರ್ಯಾಕ್ಟರ್ ಕೊಟ್ಟು ಕುಂತೆ. ಹೋಗ್ಲಿ, ಅಂವ ಮತ್ತ ಬರ್ಲಿ, ವಾಪಸ್ ತಗೊತೇನಿ."

ಅಲ್ಲಿಂದ ಶುರುವಾಯಿತು ಶಟ್ಟೆಪ್ಪನ ಘೋರ ತಪಸ್ಸು. ಚಹ ನಾಲ್ಕು ದಿನದಲ್ಲಿ ವಶವಾಯಿತು. ಅನ್ನ ಮೊದಲು ಅಂಬಲಿಯಾಗಿ, ನಂತರ ಇದ್ದಲಾಗಿ, ಕಡೆಗೆ ಅನ್ನವಾಯಿತು. ಜೋಳದ ರೊಟ್ಟಿ ಮಾತ್ರ ಕೈಗೆ ಬಗ್ಗಲಿಲ್ಲ. ಎಸರು ಕಡಿಮೆಯಾದರೆ ಹಿಟ್ಟು ಬಿರಿಯುತ್ತದೆ, ಹೆಚ್ಚಾದರೆ ಕೈಗೇ ಸಂಸಾರ ಹೂಡುತ್ತದೆ.

"ಇದಕ್ಕ ಜಿಗಿ ಬರಬೇಕ್ರಿ" ಎಂದಳು ಸಾವಿತ್ರೆವ್ವ.

"ಜಿಗಿ ಅಂದ್ರ ಎಷ್ಟು? ಲೆಕ್ಕಾ ಹೇಳು."

"ಲೆಕ್ಕಾ ಕೈಗೆ ಗೊತ್ತಿರತೈತಿ."

"ನನ್ನ ಕೈಗೆ ಗೊತ್ತಿಲ್ಲಲ್ಲ!"

"ಮೂವತ್ತು ವರ್ಷ ತಾಟಿನ ಮುಂದ ಕುಂತ ಕೈಗೆ ಹೆಂಗ ಗೊತ್ತಾದೀತು? ಬಡೀರಿ."

ಶಟ್ಟೆಪ್ಪ ಬಡಿದ. ರೊಟ್ಟಿ ಬಡಿಯುವ ಸದ್ದಿಗೆ ಒಂದೊಂದು ಮನೆಯಲ್ಲಿ ಒಂದೊಂದು ನಡೆ ಇರುತ್ತದೆ. ಯಾರ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆ ಎಂಬುದು ಓಣಿಗೆಲ್ಲ ಕೇಳಿಯೇ ಗೊತ್ತು. ಆ ಮುಂಜಾನೆ ಸಾವಿತ್ರೆವ್ವನ ಮನೆಯಿಂದ ಯಾರೋ ನಾಲ್ಕು ಸಲ ಬಡಿದು, ನಿಂತು, ಯೋಚನೆ ಮಾಡಿ, ಮತ್ತೆ ಜೋರಾಗಿ ಎರಡು ಸಲ ಬಡಿಯುವ ಸದ್ದು ಬರುತ್ತಲೇ ಶರೀಫಾಬಿ ಗೋಡೆಗೆ ಓಡಿ ಬಂದಳು.

"ಅಕ್ಕಾರ, ಯಾರು ಬಂದಾರ್ರಿ ಮನಿಗೆ? ಕೈ ಹೊಸಾದೈತಿ."

"ಹಳೀ ಕೈನ, ಕೆಲಸ ಹೊಸಾದು" ಎಂದಳು ಸಾವಿತ್ರೆವ್ವ ಕಟ್ಟೆಯ ಮೇಲಿಂದ.

ಹೌದು, ಕಟ್ಟೆಯ ಮೇಲಿಂದ. ಇದನ್ನು ಯಾರೂ ಗಮನಿಸಲಿಲ್ಲ, ಶಟ್ಟೆಪ್ಪನಂತೂ ಇಲ್ಲವೇ ಇಲ್ಲ. ಮುಂಜಾನೆಯ ಹೊತ್ತು ಸಾವಿತ್ರೆವ್ವ ಕಟ್ಟೆಯ ಮೇಲೆ ಕೂರತೊಡಗಿದ್ದಳು. ಮೊದಲು ಅವನಿಗೆ ದೂರದಿಂದ ಬುದ್ಧಿ ಹೇಳಲು ಕೂತಳು. ಆಮೇಲೆ ಸುಮ್ಮನೇ ಕೂತಳು. ಬೀದಿಯಲ್ಲಿ ಯಾರು ಹೋದರು, ಯಾರು ಬಂದರು, ಮಹಮ್ಮದಗೌಸನ ಜೀಪು ಯಾವ ಊರಿಗೆ ಹೊರಟಿತು ಎಂದು ನೋಡುತ್ತ ಕೂತಳು. ಸಂಕ್ರಾಂತಿಯ ಹೊತ್ತಿಗೆ ಅದೇ ಜೀಪು ಹತ್ತಿ ಶರೀಫಾಬಿ, ಉಮಾಶ್ರೀಯರ ಜೊತೆ ಹೋಗಿ ದೇಗಾಂವದ ಕಮಲನಾರಾಯಣ ಗುಡಿ ನೋಡಿ ಬಂದಳು. ಕಿತ್ತೂರಿನ ದಾರಿಯಲ್ಲಿ ಇಷ್ಟು ಹತ್ತಿರ ಇದ್ದದ್ದನ್ನು ಇಷ್ಟು ವರ್ಷ ನೋಡಿರಲಿಲ್ಲ. ಆ ಕಲ್ಲಿನಲ್ಲಿ ಕಮಲದ ಎಸಳು ಹೇಗೆ ಬಿಡಿಸಿದರು, ಯಾರು ಬಿಡಿಸಿದರು, ಉಳಿ ಜಾರಿದರೆ ಏನು ಮಾಡುತ್ತಿದ್ದರು ಎಂದು ಮನೆ ಮುಟ್ಟುವವರೆಗೂ ಮಗಳ ತಲೆ ತಿಂದಳು. ಮನೆಗೆ ಬಂದರೆ ಅಡುಗೆ ತಯಾರಿತ್ತು. ಶಟ್ಟೆಪ್ಪ ತಾಟು ಇಟ್ಟು, ಹಂಚಿನಿಂದ ನೇರವಾಗಿ ರೊಟ್ಟಿ ತಂದು ಅವಳ ತಾಟಿಗೆ ಹಾಕಿದ. ರೊಟ್ಟಿ ಉಬ್ಬಿ ದುಂಡಗಾಗಿತ್ತು.

"ಹೆಂಗೈತಿ?" ಎಂದು ಕೇಳಿದ, ಮೊದಲ ಸಲ ಪಂಪು ಎತ್ತಿದ ಹುಡುಗನ ಹಾಗೆ.

ಸಾವಿತ್ರೆವ್ವ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಬಿಸಿಯಾಗಿದ್ದರಿಂದ ಇರಬೇಕು ಎಂದುಕೊಂಡ ಶಟ್ಟೆಪ್ಪ.

ಯುಗಾದಿ ಕಳೆಯಿತು. ಮಧು ಬಂದ. ಈ ಸಲ ಶಟ್ಟೆಪ್ಪ ಓಣಿಗೆಲ್ಲ ಮೊದಲೇ ತಾಕೀತು ಮಾಡಿದ್ದ: ಇದ್ದದ್ದು ಇದ್ದ ಹಾಗೆ ಹೇಳ್ರಿ. ಬಸಯ್ಯ ಚಹ ಕೊಡುವ ಮೊದಲೇ "ಅವರಿಗೆ ಟ್ರ್ಯಾಕ್ಟರ್ ಇಲ್ರಿ, ಒಂದೂ ಇಲ್ಲ, ಸೈಕಲ್ಲೂ ಪಂಚರ್ ಐತಿ" ಎಂದು ಹೇಳಿ ಎದೆ ಹಗುರ ಮಾಡಿಕೊಂಡ. ಶರೀಫಾಬಿ ಮಧುವನ್ನು ಗೋಡೆಯ ಹತ್ತಿರ ನಿಲ್ಲಿಸಿ, ಬಾಯಿಯ ಮೇಲೆ ಬೆರಳಿಟ್ಟು, "ಕೇಳ್ರಿ" ಎಂದಳು. ಆಚೆಯಿಂದ ತಪತಪ ತಪತಪ ಎಂದು ಒಂದೇ ಹದದಲ್ಲಿ ಸದ್ದು ಬರುತ್ತಿತ್ತು. "ನಮ್ಮ ಅಣ್ಣಾರು" ಎಂದಳು, ಹೆಮ್ಮೆಯಿಂದ.

ಮಧು ಎರಡು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ ಉಂಡು ಕೈ ತೊಳೆದ. ಅವನ ಮುಖ ನೋಡಿದರೆ ವೀಸಾ ದಿಲ್ಲಿಯಿಂದ ಹೊರಟು ಹುಬ್ಬಳ್ಳಿ ಮುಟ್ಟಿದ ಹಾಗಿತ್ತು. ಶಟ್ಟೆಪ್ಪನ ಕಣ್ಣ ಮುಂದೆ ಕೆಂಪು ಮಣ್ಣಿನ ದಾರಿ, ಕೊಡ ಹಿಡಿದು ಸಾಲಾಗಿ ನಿಂತ ಯುಗಾಂಡಾದ ಹೆಂಗಸರು. ಅವರ ಭಾಷೆಯಲ್ಲಿ ಮಿಸ್ತ್ರಿಗೆ ಏನನ್ನುತ್ತಾರೋ.

"ನನ್ನ ಕಡಿಂದ ಎಲ್ಲಾ ಮುಗೀತು" ಎಂದ ಮಧು. "ಹೋದ ಸಲ ಕೇಳಿದ್ದ ಪ್ರಶ್ನೀನ ಇನ್ನೊಮ್ಮೆ ಕೇಳಬೇಕು, ಅವ್ವಾರ. ಎರಡು ವರ್ಷ ಇವರಿಲ್ಲದ ನಿಮಗ ನಡೀತದಲ್ರಿ?"

ಶಟ್ಟೆಪ್ಪ ಮುಗುಳ್ನಕ್ಕ. ಇದಕ್ಕೆ ಉತ್ತರ ಗೊತ್ತಿದ್ದದ್ದೇ.

ಸಾವಿತ್ರೆವ್ವ ಸೆರಗಿನ ಅಂಚು ತಿರುವುತ್ತ ಕೂತಳು. ಅಡುಗೆಮನೆಯ ಕಡೆ ನೋಡಿದಳು. "ಇಲ್ರಿ" ಎಂದಳು.

"ಏನು?" ಎಂದ ಶಟ್ಟೆಪ್ಪ.

"ನಡ್ಯಂಗಿಲ್ರಿ."

"ನಾಕು ವರ್ಷ ಕರಕೊಂಡು ಹೋಗ್ರಿ ಅಂದಿದ್ದಿ! ಈ ಬಾಯಿಲೇ ಅಂದಿದ್ದಿ!"

"ಅಂದಿದ್ದೆ. ಆಗ ನೀವು ಸಕ್ರಿ ಎಲ್ಲೈತಿ ಗೊತ್ತಿಲ್ಲದ ಮನಶ್ಯಾ." ಸಾವಿತ್ರೆವ್ವ ಮಧುವಿನ ಕಡೆ ತಿರುಗಿದಳು. ಅವಳ ದನಿ ಸಣ್ಣಗಾಗಿತ್ತು. "ತಮ್ಮಾ, ನಾ ಈ ಮನಿಗೆ ಬಂದು ಮೂವತ್ತು ವರ್ಷ ಆತು. ರೊಟ್ಟಿ ಬಡ್ಯಾಕ ಕುಂತಾಕಿ ಎಲ್ಲಾರಿಗೂ ಹಾಕಿ ಕಡೀಕ ಉಣ್ಣಬೇಕು. ಅಷ್ಟೊತ್ತಿಗೆ ಆರಿರತೈತಿ. ಹಂಚಿನ ಮ್ಯಾಲಿಂದು ನನ್ನ ತಾಟಿಗೆ ಬಿದ್ದದ್ದು ಈ ಸಂಕ್ರಾಂತಿಯಿಂದ. ಬಿಸಿ ರೊಟ್ಟಿ ಹೆಂಗಿರತೈತಿ ಅಂತ ನನಗ ಈಗ ಗೊತ್ತಾಗೇತಿ. ಕರಕೊಂಡು ಹೋಗಬ್ಯಾಡ್ರಿ."

ಮಧು ಚೀಲದ ಗುಂಡಿ ಹಾಕಿದ. ಮನೆಯವರ ಒಪ್ಪಿಗೆ ಇಲ್ಲದೆ ಅಲ್ಲಿಯವರು ಪತ್ರ ಕೊಡುವುದಿಲ್ಲ ಎಂದು ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಹೊರಡುವಾಗ ಶಟ್ಟೆಪ್ಪನ ಕೈ ಹಿಡಿದು ಒಮ್ಮೆ ಕುಲುಕಿದ, ಅಷ್ಟೆ.

ಶಟ್ಟೆಪ್ಪನಿಗೆ ಸಿಟ್ಟು ಬಂತು. ಕೂಗಾಡಬೇಕೆಂದು ಬಾಯಿ ತೆರೆದ. ಆದರೆ ಸಾವಿತ್ರೆವ್ವ ಅಷ್ಟರಲ್ಲಿ ತಾಟು ಇಟ್ಟುಕೊಂಡು ಕೂತಿದ್ದಳು, ಅವನ ಕಡೆಗೇ ನೋಡುತ್ತ. ಸುರೇಬಾನದಲ್ಲಿ ಕೊಡ ಹಿಡಿದು ಕಾದಿದ್ದವರ ಕಣ್ಣು ಹೀಗೇ ಇರುತ್ತಿತ್ತು. ಯುಗಾಂಡಾ ತಪ್ಪಿದ್ದಕ್ಕೆ ಅವನಿಗೆ ನಿಜವಾಗಿ ದುಃಖವಾಯಿತು. ಅದೇ ಹೊತ್ತಿನಲ್ಲಿ ನಿಜವಾಗಿ ಸಂತೋಷವೂ ಆಯಿತು. ಎರಡನ್ನೂ ಒಟ್ಟಿಗೆ ಹೇಗೆ ತೋರಿಸುವುದೆಂದು ತಿಳಿಯದೆ ಹಿಟ್ಟು ನಾದತೊಡಗಿದ.

ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು? ಮರುವಾರ ಶರೀಫಾಬಿ ಮಹಮ್ಮದಗೌಸನನ್ನು ರೊಟ್ಟಿ ಕಲಿಯಲು ಅಟ್ಟಿದಳು. ಅವನ ಹಿಂದೆ ಓಣಿಯ ಇನ್ನೂ ಇಬ್ಬರು ಗಂಡಸರು, ಹೆಂಡಂದಿರ ಒತ್ತಾಯಕ್ಕೆ, ಮೋರೆ ಗಂಟು ಹಾಕಿಕೊಂಡು ಬಂದರು. ದೀರ್ಘಾವಧಿಯ ಸ್ವಯಂಸೇವೆ, ಪಗಾರವಿಲ್ಲ, ಇರಲು ಮನೆ, ಊಟಕ್ಕೆ ದಿನಸಿ: ಉಮಾಶ್ರೀ ಹೇಳಿದ್ದೆಲ್ಲ ಶಟ್ಟೆಪ್ಪನಿಗೆ ಸಿಕ್ಕಿತು, ದಿಲ್ಲಿಯವರೆಗೆ ಕಾಗದ ಕಳಿಸದೆ.

ವೈಶಾಖದಲ್ಲಿ ರಾಮದುರ್ಗದಿಂದ ಹಳೆಯ ಗೆಳೆಯ ಯಮನಪ್ಪನ ಮಗನ ಮದುವೆಗೆ ಕರೆ ಬಂತು. ಶಟ್ಟೆಪ್ಪ ಕೈಯೊರೆಸಿಕೊಂಡು ಕಟ್ಟೆಯ ಹತ್ತಿರ ಬಂದು ನಿಂತ. ಅಲ್ಲಿ ಹೆಂಡತಿ ಕೂತಿದ್ದಳು.

"ಶುಕ್ರವಾರ ರಾಮದುರ್ಗಕ್ಕ ಹೋಗಿ ಬರತೇನಿ."

"ಯಾರು ಕರದಾರ?" ಎಂದಳು ಸಾವಿತ್ರೆವ್ವ.

"ಯಮನಪ್ಪ."

"ಕರದ ಪತ್ರ ಐತೇನು?"

ತೋರಿಸಿದ.

"ಎಷ್ಟು ದಿನಾ ಇರತೀರಿ? ಎಲ್ಲೆ ಇಳೀತೀರಿ? ವಾಪಸ್ ಬರತೀರಿ ಅಂತ ಏನು ಖಾತ್ರಿ?"

ಗೋಡೆಯಾಚೆಯಿಂದ ಶರೀಫಾಬಿಯ ದನಿ ಬಂತು. "ಅಕ್ಕಾರ, ಕಳಸಬ್ಯಾಡ್ರಿ! ನಮ್ಮವರ ರೊಟ್ಟಿ ಇನ್ನೂ ಉಬ್ಬವಲ್ದು!"

ಸಾವಿತ್ರೆವ್ವ ಲಗ್ನಪತ್ರಿಕೆಯನ್ನು ತಿರುವಿ ಹಿಂದೆ ಮುಂದೆ ನೋಡಿದಳು. ವಿಚಾರ ಮಾಡಿ ಸಂಜೆಗೆ ಹೇಳುತ್ತೇನೆ ಎಂದಳು. ಶಟ್ಟೆಪ್ಪ ಇನ್ನೂ ಅಲ್ಲೇ ನಿಂತಿದ್ದುದನ್ನು ಕಂಡು, ಕಟ್ಟೆಯ ಮೇಲಿನ ಹಪ್ಪಳಗಳನ್ನು ಸ್ವಲ್ಪ ಆಚೆ ಸರಿಸಿ, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.